ಕಲಬುರಗಿ ರೋಡ್ ರಿಪೇರಿ ಪ್ಲ್ಯಾನಿಗೆ ಸೆನ್ಸರ್ ಬಳಸೋದು ಹೆಂಗ: ಫೋನಿನಿಂದ ಹಿಡ್ದು ಎಸ್ಟಿಮೇಟ್ ತನಕ

ಹೋದ ಮಳೆಗಾಲದಾಗ ನಮ್ಮ ಕಾಕಾ ಸ್ಕೂಟರ್ ಮ್ಯಾಲಿಂದ ಬಿದ್ದು ಕೈ ಮುರ್ಕೊಂಡ್ರು. ತಗ್ಗಿನಾಗ ನೀರು ನಿಂತಿತ್ತು, ಎಷ್ಟು ಆಳ ಅದ ಅಂತ ಕಾಣಲಿಲ್ಲ, ಮುಂದಿನ ಗಾಲಿ ಇಳೀತು, ಬಿದ್ರು. ಆಮ್ಯಾಲ ಅಲ್ಲೇ ಬಾಜೂಕಿನ ಅಂಗಡಿಯವರನ್ನ ಕೇಳಿದ್ರ ಅವರು ಹೇಳಿದ್ದು ಒಂದೇ ಮಾತು, ಈ ಜಾಗಾ ಪ್ರತಿ ವರ್ಷ ಮುಚ್ತಾರ, ಪ್ರತಿ ವರ್ಷ ಮತ್ತ ಬೀಳ್ತದ ಅಂತ. ಅಂಗಡಿಯವರಿಗೆ ನೆನಪದ, ಆದ್ರ ಯಾವ ಕಾಗದದಾಗೂ ಅದು ಬರದಿಲ್ಲ. ಅವತ್ತಿಂದ ನಾನು ಈ ವಿಷಯದ ಬೆನ್ನು ಹತ್ತೀನಿ, ಓದೀನಿ, ಫೋನ್ ಕಟ್ಟಿ ಓಡಾಡೀನಿ, ಏನು ತಿಳೀತೋ ಅದನ್ನ ಇಲ್ಲಿ ಒಂದೊಂದಾಗಿ ಬರೀತೀನಿ.

ಸೆನ್ಸರ್ ಅಂದ್ರ ಭಾಳ ಮಂದಿ ಲಕ್ಷಗಟ್ಟಲೆ ರೊಕ್ಕದ ಮಷೀನ್ ಅನ್ಕೋತಾರ. ಹಂಗೇನಿಲ್ರಿ. ನಿಮ್ಮ ಕಿಸೆದಾಗಿನ ಫೋನಿನೊಳಗ ಆಕ್ಸಲರೋಮೀಟರ್ ಅಂತ ಒಂದು ಸಣ್ಣ ಚಿಪ್ ಅದ, ಫೋನ್ ಅಡ್ಡ ಮಾಡಿದ್ರ ಸ್ಕ್ರೀನ್ ತಿರುಗ್ತದಲ್ಲ, ಅದು ಅದೇ ಚಿಪ್ಪಿನ ಕೆಲಸ, ಗಾಡಿ ಕುಲುಕಿದ್ರೂ ಅದು ಅಳೀತದ. 2008ರಾಗೇ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರು ನೆರಿಸೆಲ್ ಅನ್ನೋ ಪ್ರಯೋಗದಾಗ ಫೋನ್ ಗಾಡ್ಯಾಗ ಇಟ್ಟು ತಗ್ಗು, ಬ್ರೇಕ್, ಹಾರ್ನ್ ಎಲ್ಲಾ ಗುರುತು ಹಿಡ್ದು ತೋರ್ಸಿದ್ರು, ಅದೇ ವರ್ಷ ಅಮೆರಿಕಾದ ಎಂಐಟಿಯವರು ಬಾಸ್ಟನ್ ಕಡಿ 7 ಟ್ಯಾಕ್ಸಿಗೆ ಸೆನ್ಸರ್ ಕಟ್ಟಿ ಓಡ್ಸಿದ್ರು. ಅಂದ್ರ ಇದು ಹೊಸಾ ವಿದ್ಯೆ ಅಲ್ಲ. ನಮ್ಮ ಕಡಿ ಬೇಕಾಗಿದ್ದು ಅದೇ ರೋಡನ್ನ ಮತ್ತ ಮತ್ತ ಅಳೆದು ಲೆಕ್ಕ ಇಡೋದು, ಮಳಿಗಿಂತ ಮೊದಲು ಎಷ್ಟಿತ್ತು, ಮಳಿ ಆದಮ್ಯಾಲ ಎಷ್ಟಾಯ್ತು, ರಿಪೇರಿ ಎಷ್ಟು ದಿನ ತಡೀತು. ವಾರ್ಡಿನ ಜೆಇ (ಜೂನಿಯರ್ ಇಂಜಿನಿಯರ್) ಇರ್ಲಿ, ಇಂಜಿನಿಯರಿಂಗ್ ಓದೋ ಹುಡುಗರು ಇರ್ಲಿ, ಬಡಾವಣೆ ಸಂಘದವರು ಇರ್ಲಿ, ಯಾರು ಬೇಕಾದ್ರೂ ಶುರು ಮಾಡಬಹುದು.

ಮೊದಲು ನೆಲ ತಿಳ್ಕೋರಿ

ಸೆನ್ಸರ್ ಮುಟ್ಟೋಕಿಂತ ಮುಂಚೆ ಇದು ಬೇಕು. ಕಲಬುರಗಿ ಕೂತಿದ್ದು ಎರಿ ಮಣ್ಣಿನ ಮ್ಯಾಲ. ನಮ್ಮ ತೊಗರಿಗೆ ಇದು ಬಂಗಾರದಂಥ ಮಣ್ಣು, ರೋಡಿಗೆ ಮಾತ್ರ ಭಾಳ ತ್ರಾಸಿನ ಮಣ್ಣು. ಇದರಾಗ ಮಾಂಟ್‌ಮೊರಿಲ್ಲೊನೈಟ್ ಅನ್ನೋ ಜೇಡಿ ಇರ್ತದ, ನೀರು ಕುಡಿದ್ರ ಉಬ್ಬತದ, ಬ್ಯಾಸಗಿದಾಗ ಒಣಗಿ ಕುಗ್ಗಿ ಬಿರುಕು ಬಿಡ್ತದ, ಹೊಲದಾಗ ಏಪ್ರಿಲ್‌ನಾಗ ಕಾಲು ಸಿಗೋವಷ್ಟು ಬಿರುಕು ನೀವೂ ನೋಡಿರ್ತೀರಿ, ಅದೇ ಆಟ ರೋಡಿನ ಕೆಳಗೂ ನಡೀತದ. ಮ್ಯಾಲಿನ ಡಾಂಬರ್ ಪದರ ಬಗ್ತದ, ಕ್ರ್ಯಾಕ್ ಆಗ್ತದ, ಆ ಕ್ರ್ಯಾಕಿನಾಗ ಮುಂದಿನ ಮಳಿ ನೀರು ಇಳೀತದ, ನೆನೆದ ಎರಿ ಮಣ್ಣಿಗೆ ಭಾರ ಹೊರೋ ತಾಕತ್ತು ಇರಂಗಿಲ್ಲ, ಮ್ಯಾಲ ಒಂದು ಲೋಡ್ ಲಾರಿ ಹೋದ್ರ ತಗ್ಗು ಬಿತ್ತು.

ಬೀದರ್ ಊರಾಗ ಕಥಿ ಬ್ಯಾರೆ, ಅಲ್ಲಿ ಕೆಂಪು ಜಂಬಿಟ್ಟಿಗಿ ನೆಲ, ನೀರು ಹಿಡ್ಕೊಂಡು ಉಬ್ಬೋ ಗುಣ ಅದಕ್ಕಿಲ್ಲ. ಅದಕ್ಕ ಬೀದರಿನಾಗ ಮಾಡಿದ ಹಿಶೇಬು ತಂದು ಇಲ್ಲಿ ಅಂಟಿಸ್ಬ್ಯಾಡ್ರಿ, ಇಲ್ಲಿಂದು ಅಲ್ಲಿಗೂ ಒಯ್ಯಬ್ಯಾಡ್ರಿ. ಸೇಡಂ, ವಾಡಿ, ಶಹಾಬಾದ್ ಕಡಿ ಹೋಗೋ ರೋಡಿಗೆ ಇನ್ನೊಂದು ಭಾರ ಸಿಮೆಂಟ್ ಲಾರಿ, ಕಲ್ಲಿನ ಲಾರಿ. ಸಣ್ಣ ಗಲ್ಲಿ ಕೆಡೋದು ನೀರಿನಿಂದ, ಆ ರೋಡುಗಳು ಕೆಡೋದು ನೀರು ಮತ್ತ ಲೋಡ್ ಎರಡೂ ಸೇರಿ. ಇದು ತಲ್ಯಾಗ ಇದ್ರ ಮುಂದ ಸೆನ್ಸರ್ ಕೊಡೋ ನಂಬರಿಗೆ ಅರ್ಥ ಬರ್ತದ.

ಹಂತ 1: ರೋಡನ್ನ ತುಕಡಿ ಮಾಡೋದು

ಇಡೀ ರೋಡಿಗೆ ಒಂದೇ ನಂಬರ್ ಕೊಟ್ರ ಉಪಯೋಗಿಲ್ಲ. ಜಗತ್ ಸರ್ಕಲ್‌ನಿಂದ ಸೂಪರ್ ಮಾರ್ಕೆಟ್ ತನಕ ಒಂದೇ ರೋಡ್ ಅಂತ ಬರದ್ರ ಅದರಾಗ ಛಲೋ ಇದ್ದದ್ದೂ ಕೆಟ್ಟದ್ದೂ ಕೂಡಿ ಸರಾಸರಿ ಆಗಿ ಎಲ್ಲಾ ಸುಮಾರು ಅನ್ನಂಗ ಕಾಣ್ತದ. ಅದಕ್ಕ 50 ಮೀಟರಿನ ತುಕಡಿ ಮಾಡ್ರಿ. 50 ಯಾಕ ಅಂದ್ರ ಫೋನಿನ ಜಿಪಿಎಸ್ ಬಯಲಿನಾಗೇ ಸುಮಾರು 5 ಮೀಟರ್ ಆಕಡಿ ಈಕಡಿ ತೋರಿಸ್ತದ, ಎತ್ತರ ಬಿಲ್ಡಿಂಗ್ ನಡುವ ಇನ್ನೂ ಹೆಚ್ಚು, 10 ಮೀಟರ್ ತುಕಡಿ ಇಟ್ರ ಯಾವ ತಗ್ಗು ಯಾವ ತುಕಡಿಗೆ ಸೇರಿದ್ದು ಅಂತ ಗೊಂದಲ ಆಗ್ತದ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ನಿಮ್ಮ ವಾರ್ಡಿನ ರೋಡುಗಳನ್ನ ಇಳಿಸ್ಕೊಂಡು ಕ್ಯೂಜಿಐಎಸ್ ಅನ್ನೋ ಪುಕ್ಕಟೆ ಮ್ಯಾಪ್ ಸಾಫ್ಟ್‌ವೇರ್‌ನಾಗ ತೆಗೀರಿ. ಮೀಟರ್ ಲೆಕ್ಕ ಸರಿ ಬರ್ಬೇಕಂದ್ರ ಪ್ರೊಜೆಕ್ಷನ್, ಅಂದ್ರ ದುಂಡನ್ನ ಭೂಮಿನ ಸಪಾಟ ಮ್ಯಾಪಿಗೆ ಇಳಿಸೋ ರೀತಿ, ಬದಲ್ ಮಾಡ್ಬೇಕು, ಕಲಬುರಗಿ, ಬೀದರ್, ಯಾದಗಿರಿ ಮೂರೂ ಯುಟಿಎಂ 43 ಉತ್ತರ ವಲಯದಾಗ ಬರ್ತಾವ, ಕೋಡ್ ನಂಬರ್ 32643. ಆಮ್ಯಾಲ ಸ್ಪ್ಲಿಟ್ ಲೈನ್ಸ್ ಬೈ ಮ್ಯಾಕ್ಸಿಮಮ್ ಲೆಂಗ್ತ್ ಅನ್ನೋ ಟೂಲಿಗೆ 50 ಕೊಟ್ರ ಅದೇ ಕತ್ತರಿಸಿ ಕೊಡ್ತದ. ಪ್ರತಿ ತುಕಡಿಗೂ ಒಂದು ನಂಬರ್, ವಾರ್ಡ್, ರೋಡ್, ತುಕಡಿ ಈ ಕ್ರಮದಾಗ, 32-07-014 ಅಂದ್ರ 32ನೇ ವಾರ್ಡ್, 7ನೇ ರೋಡ್, 14ನೇ ತುಕಡಿ. ಈ ನಂಬರ್ ಒಮ್ಮೆ ಕೊಟ್ಟ ಮ್ಯಾಲ ಯಾವತ್ತೂ ಬದಲ್ ಮಾಡ್ಬ್ಯಾಡ್ರಿ, ಐದು ವರ್ಷದ ಮ್ಯಾಲೂ ಇದೇ ನಂಬರಿನಿಂದಲೇ ಹಳೆದ್ದು ಹೊಸದ್ದು ಹೋಲಿಸ್ಬೇಕು. ಊರಾಗ 55 ವಾರ್ಡ್ ಅವ, ಎಲ್ಲಾ ಒಂದೇ ಸಲ ಹಿಡೀಬ್ಯಾಡ್ರಿ, ಒಂದು ವಾರ್ಡ್ ಪೂರಾ ಮಾಡಿ ಮುಂದಿಂದು.

ತುಕಡಿ ಪಟ್ಟಿಯಾಗ ಇನ್ನೊಂದಿಷ್ಟು ಕಾಲಂ ಬೇಕು, ಡಾಂಬರೋ ಸಿಸಿಯೋ ಪೇವರ್ ಕಲ್ಲೋ, ಅಗಲ ಎಷ್ಟು, ಕೊನಿಗೆ ಯಾವ ವರ್ಷ ಹಾಕಿದ್ದು, ಬಾಜೂಕ ಗಟಾರ ಅದ ಇಲ್ಲ, ಪೈಪಿಗೆ ಅಗೆದದ್ದು ಯಾವಾಗ. ಮತ್ತ ರೋಡ್ ಯಾರ್ದು ಅನ್ನೋದು. ಇದು ಸಣ್ಣ ಮಾತಲ್ಲ, ಊರಾಗಿನ ರೋಡುಗಳಲ್ಲಿ ಪಾಲಿಕೆದೂ ಇರ್ತಾವ, ಲೋಕೋಪಯೋಗಿ ಇಲಾಖೆದೂ ಇರ್ತಾವ, ರಾಷ್ಟ್ರೀಯ ಹೆದ್ದಾರಿದೂ ಇರ್ತಾವ, ತಪ್ಪು ಆಫೀಸಿಗೆ ಕಾಗದ ಕೊಟ್ರ ಅದು ಅಲ್ಲೇ ಕೂತು ಮಳೆಗಾಲ ಬಂದೇ ಬಿಡ್ತದ.

ಹಂತ 2: ಅಳೆಯೋ ಸಾಧನ

ಶುರುವಿಗೆ ಫೋನ್ ಸಾಕು. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನೋ ಆಪ್ ಪುಕ್ಕಟೆ ಅದ. ಅದರಾಗ ಪ್ಲಸ್ ಒತ್ತಿ ಹೊಸ ಎಕ್ಸ್‌ಪೆರಿಮೆಂಟ್ ಮಾಡಿ ಆಕ್ಸಲರೋಮೀಟರ್ ಮತ್ತ ಲೊಕೇಶನ್ ಎರಡೂ ಸೇರಿಸ್ರಿ, ಮುಗಿದ ಮ್ಯಾಲ ಎಕ್ಸೆಲ್‌ನಾಗ ತೆರಿಯೋ ಸಿಎಸ್‌ವಿ ಫೈಲ್ ಸಿಗ್ತದ. ಸೆಕೆಂಡಿಗೆ 100 ರೀಡಿಂಗ್ ಬೇಕು. ಲೆಕ್ಕ ಹಾಕಿ ನೋಡ್ರಿ, ಗಾಡಿ 30 ಕಿಮೀ ಸ್ಪೀಡಿನಾಗ ಹೋದ್ರ ಸೆಕೆಂಡಿಗೆ ಸುಮಾರು 8.3 ಮೀಟರ್, ಅರ್ಧ ಮೀಟರ್ ಉದ್ದದ ತಗ್ಗನ್ನ 0.06 ಸೆಕೆಂಡಿನಾಗ ದಾಟ್ತದ, 100 ರೀಡಿಂಗ್ ಇದ್ರ ಆ ತಗ್ಗಿಗೆ 6 ರೀಡಿಂಗ್ ಸಿಕ್ತಾವ, 10 ಇದ್ರ ಒಂದೂ ಸಿಗ್ಲಿಕ್ಕಿಲ್ಲ.

ಫೋನನ್ನ ಸೀಟಿನ ಮ್ಯಾಲ, ಕಿಸೆದಾಗ ಇಡಬ್ಯಾಡ್ರಿ, ಸೀಟಿನ ಫೋಮ್ ಅರ್ಧ ಕುಲುಕು ತಾನೇ ನುಂಗ್ತದ. ಡ್ಯಾಶ್‌ಬೋರ್ಡ್ ಮ್ಯಾಲ ಡಬಲ್ ಟೇಪ್ ಹಚ್ಚಿ ಗಟ್ಟಿ ಕೂರಿಸ್ರಿ, ಉದ್ದನ್ನ ಕತ್ತಿನ ಹೋಲ್ಡರ್ ಬ್ಯಾಡ, ಅದು ತಾನೇ ಅಲ್ಲಾಡ್ತದ.

ಕಾಯಂ ಆಗಿ ಗಾಡ್ಯಾಗ ಇಡೋದಾದ್ರ ಸಣ್ಣ ಕಿಟ್ ಮಾಡ್ಕೋರಿ, ಇಎಸ್‌ಪಿ32 ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡ್, ಕುಲುಕು ಅಳೆಯೋ ಎಂಪಿಯು6050 ಸೆನ್ಸರ್, ನಿಯೋ 6ಎಂ ಜಿಪಿಎಸ್, ಮೆಮೊರಿ ಕಾರ್ಡ್ ಮಾಡ್ಯೂಲ್, ಕರೆಂಟ್ ಗಾಡಿಯ ಯುಎಸ್‌ಬಿ ಚಾರ್ಜರ್‌ನಿಂದ. ಸೆನ್ಸರ್ ರೇಂಜ್ 4 ಜಿ (ಭೂಮಿ ಎಳೆತದ ನಾಲ್ಕು ಪಟ್ಟು) ಇಡ್ರಿ, 2 ಜಿ ಇಟ್ರ ದೊಡ್ಡ ತಗ್ಗಿನಾಗ ರೀಡಿಂಗ್ ತುದಿಗೆ ತಾಕಿ ಅಲ್ಲೇ ಕಟ್ ಆಗ್ತದ, ನಮಗ ಬೇಕಾಗಿದ್ದೇ ಆ ದೊಡ್ಡ ತಗ್ಗು. ಕಾರ್ಡಿಗೆ ಒಂದೊಂದು ರೀಡಿಂಗ್ ಬರೀಬ್ಯಾಡ್ರಿ, ಒಂದಿಷ್ಟು ಕೂಡಿಟ್ಕೊಂಡು ಒಮ್ಮೆಲೇ ಬರೀರಿ, ಇಲ್ಲಾಂದ್ರ ಬರೆಯೋ ಹೊತ್ತಿನಾಗ ನಡುವಿನ ರೀಡಿಂಗ್ ತಪ್ಪಿ ಹೋಗ್ತಾವ.

ಹಂತ 3: ಯಾವ ಗಾಡಿ

ಎಲ್ಲರೂ ಮೊದಲು ಹೇಳೋದು ಕಸದ ಗಾಡಿಗೆ ಕಟ್ರಿ ಅಂತ, ಯಾಕಂದ್ರ ಅದು ಪ್ರತಿ ಗಲ್ಲಿಗೂ ಹೋಗ್ತದ. ವಿಚಾರ ಛಲೋ, ಆದ್ರ ಕಸದ ಟಿಪ್ಪರ್ ಮನಿ ಮನಿಗೆ ನಿಲ್ತದ, ನಡಿಯೋ ಸ್ಪೀಡಿನಾಗ ಹೋಗ್ತದ, ಆ ಸ್ಪೀಡಿನಾಗ ಕುಲುಕಿನ ಲೆಕ್ಕ ಸರಿ ಬರಂಗಿಲ್ಲ. ನೆರಿಸೆಲ್‌ನವರೂ ಇದಕ್ಕೇ ಗಂಟೆಗೆ 25 ಕಿಮೀ ಕೆಳಗ ಒಂದು ರೀತಿ, ಮ್ಯಾಲ ಇನ್ನೊಂದು ರೀತಿ ಲೆಕ್ಕ ಇಟ್ಟಿದ್ರು, ಸ್ಪೀಡ್ ಇದ್ದಾಗ ಒಮ್ಮೆಲೇ ಮ್ಯಾಲೆ ಹಾರೋ ಪೆಟ್ಟು ಹುಡ್ಕೋದು, ನಿಧಾನ ಇದ್ದಾಗ ಗಾಲಿ ತಗ್ಗಿಗೆ ಇಳಿಯೋವಾಗ ರೀಡಿಂಗ್ ಒಂದು ಕ್ಷಣ ಕೆಳಗ ನಿಲ್ಲೋದು ಹುಡ್ಕೋದು. ನನ್ನ ಸಲಹೆ, ಕಸದ ಗಾಡಿಗೆ ಕ್ಯಾಮೆರಾ ಕಟ್ರಿ, ಅದಕ್ಕ ನಿಧಾನವೇ ಬೇಕು. ಕುಲುಕು ಅಳೀಲಿಕ್ಕೆ ಒಂದೇ ಜೀಪ್ ಇಲ್ಲಾ ಕಾರ್ ಗೊತ್ತು ಮಾಡ್ರಿ. ಸಿಟಿ ಬಸ್ ಹೋಗೋ ರೂಟಿಗೆ ಸಾರಿಗೆ ಸಂಸ್ಥೆಯವರು ಒಪ್ಪಿದ್ರ ಬಸ್ಸಿಗೂ ಕಟ್ಟಬಹುದು, ಆದ್ರ ಬಸ್ಸಿನ ಲೆಕ್ಕ ಬ್ಯಾರೆ, ಕಾರಿನ ಲೆಕ್ಕ ಬ್ಯಾರೆ, ಎರಡೂ ಒಂದೇ ಕಾಲಂನಾಗ ಹಾಕ್ಬ್ಯಾಡ್ರಿ.

ಬಾಸ್ಟನ್ ಪಾಲಿಕೆಯವರು ಸ್ಟ್ರೀಟ್ ಬಂಪ್ ಅಂತ ಆಪ್ ಬಿಟ್ಟಾಗ ಒಂದು ಪ್ರಶ್ನೆ ಎದ್ದಿತ್ತು, ಸ್ಮಾರ್ಟ್‌ಫೋನ್, ಕಾರ್ ಇದ್ದವರ ಏರಿಯಾದ ತಗ್ಗೇ ಹೆಚ್ಚು ದಾಖಲಾಗಿ, ಬಡವರ, ವಯಸ್ಸಾದವರ ಏರಿಯಾ ಬಿಟ್ಟು ಹೋಗ್ತದ ಅಂತ. ಇದನ್ನ ನಾನು ಭಾಳ ಮನಸಿಗೆ ಹಚ್ಕೊಂಡೀನಿ. ನಮ್ಮೂರಾಗ ಹಳೇ ಮೊಹಲ್ಲಾಗಳು, ದರ್ಗಾ ಕಡಿ ಸಣ್ಣ ಗಲ್ಲಿಗಳು ಅವ, ಕಾರ್ ತಿರುಗಂಗಿಲ್ಲ, ಕೆಲವು ಕಡಿ ಆಟೋನೂ ಕಷ್ಟ. ಅಲ್ಲಿಗೆ ಸೈಕಲ್ ಇಲ್ಲಾ ಕಾಲ್ನಡಿಗೆ, ಕ್ಯಾಮೆರಾ ಹಿಡ್ದು ಹೋಗಬೇಕು. ಅಳತಿ ಇಲ್ಲದ ತುಕಡಿನ ಮ್ಯಾಪ್‌ನಾಗ ಹಸಿರು ಬಣ್ಣದಾಗ ತೋರಿಸ್ಲೇಬ್ಯಾಡ್ರಿ, ಬೂದು ಬಣ್ಣ ಕೊಟ್ಟು ಅಳೆದಿಲ್ಲ ಅಂತ ಬರೀರಿ, ಇಲ್ಲಾಂದ್ರ ಆ ಗಲ್ಲಿ ಛಲೋ ಅದ ಅಂತ ತಿಳ್ಕೊಂಡು ರೊಕ್ಕ ಬ್ಯಾರೆ ಕಡಿ ಹೋಗ್ತದ.

ಹಂತ 4: ಓಡಿಸೋದು

ನಸುಕಿನಾಗ ಐದೂವರೆಯಿಂದ ಏಳರ ತನಕ ಹೋಗ್ರಿ. ಹೊತ್ತು ಏರಿದ್ರ ಸೂಪರ್ ಮಾರ್ಕೆಟ್ ಕಡಿ 30 ಕಿಮೀ ಸ್ಪೀಡ್ ಸಿಗೋ ಮಾತೇ ಇಲ್ಲ. ಶುರು ಮಾಡೋ ಮುಂಚೆ ಸಮ ಜಾಗಾದಾಗ ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ, 30 ಸೆಕೆಂಡ್ ರೆಕಾರ್ಡ್ ಆಗ್ಲಿಕ್ಕೆ ಬಿಡ್ರಿ, ಇದರ ಉಪಯೋಗ ಮುಂದ ಹೇಳ್ತೀನಿ. ಟೈರಿನ ಗಾಳಿ ಪ್ರತಿ ಸಲ ಒಂದೇ ಇರ್ಲಿ, ಕೂತ ಮಂದಿ ಅಷ್ಟೇ ಇರ್ಲಿ. ಸ್ಪೀಡ್ 25ರಿಂದ 35ರ ಒಳಗ. ಡ್ರೈವರ್‌ಗೆ ಮೊದಲೇ ಹೇಳ್ಬೇಕು, ಅಣ್ಣಾ, ಸಣ್ಣಪುಟ್ಟ ತಗ್ಗು ತಪ್ಪಿಸ್ಬ್ಯಾಡ್ರಿ, ಎಲ್ಲರೂ ಹೋಗೋ ಗಾಲಿ ಜಾಡಿನಾಗೇ ಹೋಗ್ರಿ ಅಂತ. ನಮ್ಮ ಡ್ರೈವರ್‌ಗಳಿಗೆ ತಗ್ಗು ತಪ್ಪಿಸೋದು ಕೈಗೆ ಕೂತ ಚಾಳಿ, ಹೇಳದಿದ್ರ ಕೆಟ್ಟ ರೋಡೂ ನುಣ್ಣಗ ಕಾಣ್ತದ. ಗಾಡಿ ಕೆಡೋವಂಥ ಆಳದ ತಗ್ಗು ಇದ್ರ ಮಾತ್ರ ತಪ್ಪಿಸಿ, ಬಾಜೂಕ ಕೂತವರು ಟೈಮ್ ಬರ್ಕೋಬೇಕು. ಅದೇ ರೋಡ್ ಮೂರು ಸಲ ಓಡ್ಸಿ, ಮೂರರಾಗ ನಡುವಿನ ನಂಬರ್ ತಗೋರಿ.

ಹಂತ 5: ಲೆಕ್ಕ ಮಾಡೋದು

ಇದು ಉದ್ದನ್ನ ಹಂತ, ಗಾಬರಿ ಆಗಬ್ಯಾಡ್ರಿ, ಎಕ್ಸೆಲ್ ಬಂದ್ರ ಸಾಕು, ಪೈಥಾನ್ ಬಂದ್ರ ಇನ್ನೂ ಸಲೀಸು. ಫೋನ್ ಪೂರಾ ಸಮ ಕೂತಿರಂಗಿಲ್ಲ, ಓರೆ ಇರ್ತದ, ಹಂಗಾಗಿ ಮ್ಯಾಲ ಕೆಳಗಿನ ಕುಲುಕು ಎಕ್ಸ್, ವೈ, ಝಡ್ ಮೂರರಾಗೂ ಹಂಚಿ ಹೋಗಿರ್ತದ. ನಿಂತಾಗ ಮಾಡಿದ ಆ 30 ಸೆಕೆಂಡಿನ ಸರಾಸರಿ ತಗೊಂಡ್ರ ಭೂಮಿ ಎಳೆಯೋ ದಿಕ್ಕು ಸಿಗ್ತದ, ಆಗ ಗಾಡಿಗೆ ಬ್ಯಾರೆ ಯಾವ ಕುಲುಕೂ ಇರ್ಲಿಲ್ಲಲ್ಲ. ಆ ದಿಕ್ಕಿನ ಮೂರು ನಂಬರನ್ನ ಅದರ ಉದ್ದದಿಂದ ಭಾಗಿಸಿ ಇಟ್ಕೋರಿ, ಓಡುವಾಗಿನ ಪ್ರತಿ ರೀಡಿಂಗಿನ ಮೂರು ನಂಬರಿಗೆ ಕ್ರಮವಾಗಿ ಗುಣಿಸಿ ಕೂಡಿಸ್ರಿ, ಬಂದಿದ್ದರಾಗ 9.8 ಕಳೀರಿ. ಈಗ ಉಳಿದಿದ್ದು ಬರೀ ಮ್ಯಾಲ ಕೆಳಗಿನ ಕುಲುಕು.

ಆಮ್ಯಾಲ ಜಿಪಿಎಸ್ ಜೋಡಣೆ. ಎರಡೂ ಫೈಲಿನಾಗ ಟೈಮ್ ಕಾಲಂ ಇರ್ತದ, ಜಿಪಿಎಸ್ ಸೆಕೆಂಡಿಗೆ ಒಂದೇ ಸಲ ಬರ್ತದ, ನಡುವಿನ ಜಾಗಾ ಸಮನಾಗಿ ಹಂಚಿ ಪ್ರತಿ ರೀಡಿಂಗಿಗೂ ಒಂದು ಜಾಗಾ ಕೊಡ್ರಿ. ಕ್ಯೂಜಿಐಎಸ್‌ನಾಗ ಹತ್ತಿರದ ತುಕಡಿಗೆ ಜೋಡಿಸೋ ಟೂಲ್ ಅದ, 15 ಮೀಟರ್‌ಗಿಂತ ದೂರ ಇದ್ದಿದ್ದು ಬಿಟ್ಬಿಡ್ರಿ. ಒಂದು ತುಕಡಿಗೆ 30 ಕಿಮೀ ಸ್ಪೀಡಿನಾಗ 6 ಸೆಕೆಂಡ್, ಅಂದ್ರ 600 ರೀಡಿಂಗ್ ಸಿಗ್ತಾವ. ಒಂದೊಂದನ್ನೂ ವರ್ಗ ಮಾಡಿ, ಸರಾಸರಿ ತಗೊಂಡು, ವರ್ಗಮೂಲ ಹಾಕ್ರಿ, ಇದಕ್ಕೇ ಆರ್‌ಎಂಎಸ್ ಅಂತಾರ, ಇದು ಆ ತುಕಡಿಯ ಒಟ್ಟು ಒರಟುತನ. ಇದರ ಬಾಜೂಕ ಆ ತುಕಡಿಯ ದೊಡ್ಡ ಪೆಟ್ಟನ್ನೂ ಬರೀರಿ. ಎರಡೂ ಯಾಕ ಬೇಕಂದ್ರ, ಆರ್‌ಎಂಎಸ್ ಹೆಚ್ಚು ಪೆಟ್ಟು ಕಡಿಮಿ ಇದ್ರ ಇಡೀ ಮೈ ಅಲೆಅಲೆ ಆಗ್ಯದ ಅಂತ ಅರ್ಥ, ಕೆಳಗ ನೆಲ ಸರದಿರಬಹುದು. ಆರ್‌ಎಂಎಸ್ ಕಡಿಮಿ, ಒಂದೇ ದೊಡ್ಡ ಪೆಟ್ಟು ಇದ್ರ ಛಲೋ ರೋಡಿನಾಗ ಒಂದೇ ತಗ್ಗು, ಪ್ಯಾಚ್ ಸಾಕು. ಸ್ಪೀಡ್ 25ರ ಕೆಳಗ ಇಳಿದ ರೀಡಿಂಗ್ ಲೆಕ್ಕದಿಂದ ಬಿಟ್ಬಿಡ್ರಿ, ಅದೇ ರೋಡಿನಾಗೂ ಸ್ಪೀಡ್ ಏರಿದ್ರ ಕುಲುಕು ಏರ್ತದ.

ಸುಳ್ಳು ತಗ್ಗುಗಳದ್ದೇ ದೊಡ್ಡ ಕೆಲಸ. ಬಾಸ್ಟನ್‌ನಾಗೂ ಆಪ್ ಹಿಡಿದ ಪೆಟ್ಟಿನಾಗ ಭಾಳಷ್ಟು ತಗ್ಗೇ ಅಲ್ಲ, ರೋಡ್ ಲೆವೆಲ್ಲಿಗೆ ಕೂಡದ ಮ್ಯಾನ್‌ಹೋಲ್ ಮುಚ್ಚಳ ಅಂತ ಗೊತ್ತಾಯ್ತು. ನಮ್ಮಲ್ಲಿ ಚೇಂಬರ್ ಮುಚ್ಚಳ, ಹಂಪ್, ರೈಲ್ವೆ ಗೇಟ್, ಗಣಪತಿ ಪೆಂಡಾಲಿನ ಕಂಬಕ್ಕ ಅಗೆದ ಕುಣಿ, ಎಲ್ಲಾ ಅವ. ಹಂಪ್‌ಗಳನ್ನ ಒಮ್ಮೆ ಓಡಾಡಿ ಮ್ಯಾಪ್‌ನಾಗ ಗುರುತು ಹಾಕಿ ಬಿಟ್ರ ಪ್ರತಿ ಸಲ ಆ ಜಾಗಾ ತಾನೇ ಬಿಟ್ಟು ಹೋಗ್ತದ. ಚೇಂಬರ್ ಮುಚ್ಚಳ ಮಾತ್ರ ಬಿಡಬ್ಯಾಡ್ರಿ, ಬ್ಯಾರೆ ಪಟ್ಟಿ ಮಾಡ್ರಿ, ಬೈಕಿನವರಿಗೆ ಅದೂ ಅಷ್ಟೇ ಅಪಾಯ, ಮುಚ್ಚಳ ಎತ್ತರಿಸೋ ಕೆಲಸ ರೋಡ್ ಕೆಲಸಕ್ಕಿಂತ ಅಗ್ಗ. ಹಂಪ್ ಬಗ್ಗೆ ಒಂದು ಮಾತು, ಐಆರ್‌ಸಿಯ (ಇಂಡಿಯನ್ ರೋಡ್ಸ್ ಕಾಂಗ್ರೆಸ್, ದೇಶದ ರೋಡಿನ ಅಳತಿ ಗೊತ್ತು ಮಾಡೋ ಸಂಸ್ಥೆ) ಅಳತಿ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರ್ಬೇಕು, ಗಲ್ಲ್ಯಾಗ ಹಾಕೋ ಗೇಣಗಲದ ದಿಬ್ಬಗಳು ಆ ಅಳತಿಗೆ ಹತ್ತಿರಾನೂ ಬರಂಗಿಲ್ಲ, ಅವೂ ನಿಮ್ಮ ಪಟ್ಟಿಯಾಗ ಬರ್ಲಿ.

ಹಂತ 6: ನಂಬರಿಗೆ ಇಂಜಿನಿಯರ್ ಒಪ್ಪೋ ಅರ್ಥ ಕೊಡೋದು

ಆರ್‌ಎಂಎಸ್ 1.8 ಅಂದ್ರ ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಸಾಹೇಬ್ರು ಏನು ಮಾಡ್ಬೇಕು? ಅವರಿಗೆ ಗೊತ್ತಿರೋದು ಬಂಪ್ ಇಂಟಿಗ್ರೇಟರ್ ಲೆಕ್ಕ, ಅಂದ್ರ ಒಂದು ಕಿಲೋಮೀಟರಿಗೆ ಗಾಲಿ ಒಟ್ಟು ಎಷ್ಟು ಮಿಲಿಮೀಟರ್ ಮ್ಯಾಲ ಕೆಳಗ ಆಯ್ತು ಅನ್ನೋದು. ಐಆರ್‌ಸಿ ಎಸ್‌ಪಿ 16 ಮಾರ್ಗಸೂಚಿಯ 2004ರ ಆವೃತ್ತಿ ಪ್ರಕಾರ ಬಿಟುಮಿನಸ್ ಕಾಂಕ್ರೀಟ್ (ಖಡಿ, ಡಾಂಬರ್ ಕಲಸಿ ಹಾಕೋ ಮ್ಯಾಲಿನ ಪದರ) ರೋಡಿಗೆ 2000ದ ಒಳಗ ಇದ್ರ ಛಲೋ, 2000ದಿಂದ 3000 ಸುಮಾರು, 3000 ದಾಟಿದ್ರ ಕೆಟ್ಟದ್ದು. ಲೋಕದಾಗ ಎಲ್ಲಾ ಕಡಿ ನಡಿಯೋದು ಐಆರ್‌ಐ, ಅಂದ್ರ ಅಂತರರಾಷ್ಟ್ರೀಯ ಒರಟುತನ ಸೂಚ್ಯಂಕ, 1980ರ ದಶಕದಾಗ ವಿಶ್ವಬ್ಯಾಂಕ್ ಬ್ರೆಜಿಲ್‌ನಾಗ ಪ್ರಯೋಗ ಮಾಡ್ಸಿ ಅಲ್ಲಿಂದ ಬಂದಿದ್ದು. ಎರಡಕ್ಕೂ ನಂಟು ಹಿಂಗ: ಬಂಪ್ ಇಂಟಿಗ್ರೇಟರ್ ನಂಬರ್ ಅಂದ್ರ 630 ಗುಣಿಸು ಐಆರ್‌ಐಯ 1.12ನೇ ಘಾತ. ಲೆಕ್ಕ ಹಾಕಿದ್ರ 2000 ಅಂದ್ರ ಐಆರ್‌ಐ ಸುಮಾರು 2.8, 3000 ಅಂದ್ರ ಸುಮಾರು 4.

ಫೋನಿನ ಆರ್‌ಎಂಎಸ್ ಇಂದ ಐಆರ್‌ಐಗೆ ಹೋಗ್ಲಿಕ್ಕೆ ಒಂದು ಸೇತುವೆ ಬೇಕು, ಇದಕ್ಕ ನನಗ ಭಾಳ ಇಷ್ಟ ಆದ ಸಾಧನ ಮರ್ಲಿನ್. ಬ್ರಿಟನ್ನಿನ ರಸ್ತೆ ಸಂಶೋಧನಾ ಪ್ರಯೋಗಾಲಯದವರು ರೊಕ್ಕ ಕಡಿಮಿ ಇದ್ದ ದೇಶಗಳಿಗಂತಲೇ ಮಾಡಿದ್ದು, ಯಾವ ವೆಲ್ಡಿಂಗ್ ಅಂಗಡಿಯಾಗೂ ಮಾಡಿಸ್ಬಹುದು. ಮುಂದ ಒಂದು ಸೈಕಲ್ ಗಾಲಿ, ಅದರಿಂದ 1.8 ಮೀಟರ್ ಹಿಂದ ಒಂದು ಕಾಲು, ಸರಿ ನಡುವ ರೋಡಿಗೆ ಮುಟ್ಟೋ ಒಂದು ಕಡ್ಡಿ. ಕಡ್ಡಿಗೆ ಉದ್ದನ್ನ ತೋಳು ಜೋಡ್ಸಿರ್ತದ, ನಡುವಿನ ಜಾಗಾ 1 ಮಿಮೀ ತಗ್ಗಿದ್ರ ತೋಳಿನ ತುದಿ 1 ಸೆಂಟಿಮೀಟರ್ ಸರೀತದ. ಗಾಲಿ ಒಂದು ಸುತ್ತು ತಿರುಗಿಸಿ ನಿಲ್ಲಿಸೋದು, ತುದಿ ಎಲ್ಲಿ ಬಂತೋ ಅಲ್ಲಿ ಕಾಗದದ ಮ್ಯಾಲ ಒಂದು ಗುರುತು, ಹಿಂಗ 200 ಸಲ, ಅಂದ್ರ ಸುಮಾರು 400 ಮೀಟರ್ ರೋಡ್. ಆಮ್ಯಾಲ ಎರಡೂ ತುದಿಯಿಂದ 10 10 ಗುರುತು ಬಿಟ್ಟು ಉಳಿದ 180 ಎಷ್ಟು ಅಗಲ ಹರಡ್ಯಾವ ಅಂತ ಮಿಲಿಮೀಟರಿನಾಗ ಅಳೀರಿ. ಆ ಅಗಲವನ್ನ 0.0471ರಿಂದ ಗುಣಿಸಿ 0.593 ಕೂಡಿಸಿದ್ರ ಐಆರ್‌ಐ. ಅಗಲ 80 ಬಂದ್ರ ಐಆರ್‌ಐ 4.36, ಬಂಪ್ ಇಂಟಿಗ್ರೇಟರ್ ಲೆಕ್ಕದಾಗ ಸುಮಾರು 3280, ಅಂದ್ರ ಕೆಟ್ಟ ರೋಡ್ ಅಂತ ಇಂಜಿನಿಯರ್ ತಾವೇ ಒಪ್ತಾರ.

ನುಣ್ಣನೆ ರೋಡಿಂದ ಹಿಡ್ದು ಹಾಳಾದ ರೋಡಿನ ತನಕ ಏಳೆಂಟು ಜಾಗಾ ಆರಿಸಿ, ಮರ್ಲಿನ್‌ನಿಂದಲೂ ಫೋನಿನಿಂದಲೂ ಅಳೀರಿ, ಗ್ರಾಫ್ ಮ್ಯಾಲ ಚುಕ್ಕಿ ಇಟ್ಟು ನಡುವ ಒಂದು ಗೆರಿ ಎಳೀರಿ. ಆ ಗೆರಿ ಆ ಗಾಡಿಗೆ, ಆ ಫೋನಿಗೆ, ಆ ಸ್ಪೀಡಿಗೆ ಮಾತ್ರ. ಶಾಕ್ ಅಬ್ಸಾರ್ಬರ್ ಬದಲಾದ್ರ ಮತ್ತ ಅಳೀಬೇಕು.

ಹಂತ 7: ಕ್ಯಾಮೆರಾ

ಗಾಲಿ ಹೋಗದ ಜಾಗಾದಾಗಿನ ಕ್ರ್ಯಾಕ್, ಅಂಚು ಒಡೆದಿದ್ದು ಆಕ್ಸಲರೋಮೀಟರ್‌ಗೆ ಕಾಣಂಗಿಲ್ಲ, ಇದಕ್ಕ ಫೋಟೋ ಬೇಕು. ಆರ್‌ಡಿಡಿ 2022 ಅನ್ನೋ ಪುಕ್ಕಟೆ ಫೋಟೋ ಸಂಗ್ರಹ ಅದ, ಭಾರತ, ಜಪಾನ್ ಸೇರಿ 6 ದೇಶದ 47,420 ಫೋಟೋ, ಅದರಾಗ ಉದ್ದ ಕ್ರ್ಯಾಕ್, ಅಡ್ಡ ಕ್ರ್ಯಾಕ್, ಮೊಸಳಿ ಚರ್ಮದಂಥ ಕ್ರ್ಯಾಕ್, ತಗ್ಗು ಅಂತ ಗುರುತು ಹಾಕ್ಯಾರ, ಕಂಪ್ಯೂಟರ್‌ಗೆ ಕಲಿಸ್ಲಿಕ್ಕೆ ಇದು ಸಾಕು. ಮುಂಜಾನಿ ಸೇಡಂ ರೋಡಿನಾಗ ಊರಿಂದ ಹೊರಗ ಹೋಗ್ತಾ ತೆಗೀಬ್ಯಾಡ್ರಿ, ಸೂರ್ಯ ಎದುರಿಗೇ ಇರ್ತಾನ, ಊರಿಗೆ ವಾಪಸ್ ಬರೋವಾಗ ತೆಗೀರಿ. ಮಂದಿ ಮುಖ, ಗಾಡಿ ನಂಬರ್ ಮಸುಕು ಮಾಡದೆ ಫೋಟೋ ಇಟ್ಕೋಬ್ಯಾಡ್ರಿ.

ಹಂತ 8: ಕಾಲಿನ್ಯಾಗ ಹೋಗಿ ಕಾರಣ ಹುಡ್ಕೋದು

ಕೆಟ್ಟ ತುಕಡಿ ಯಾವುವು ಅಂತ ಮ್ಯಾಪ್ ಹೇಳ್ತದ, ಯಾಕ ಕೆಟ್ಟಾವ ಅಂತ ಹೇಳಂಗಿಲ್ಲ. ಈ ಹಂತ ಬಿಟ್ರ ಮತ್ತ ಅದೇ ಪ್ಯಾಚ್, ಮತ್ತ ಅದೇ ತಗ್ಗು. ಗಾಲಿ ಜಾಡಿನಾಗ ಮೊಸಳಿ ಚರ್ಮ ಕಂಡ್ರ ಕೆಳಗಿನ ಖಡಿ ಪದರ ಸೋತದ, ಮ್ಯಾಲ ಡಾಂಬರ್ ಬಳದ್ರ ನಿಲ್ಲಂಗಿಲ್ಲ. ರೋಡಿನ ಅಂಚಿಗೆ ಉದ್ದಕ್ಕ ಒಂದೇ ಕ್ರ್ಯಾಕ್ ಇದ್ರ, ಅದೂ ಬ್ಯಾಸಗಿದಾಗ ಅಗಲ ಆಗ್ತಿದ್ರ, ಎರಿ ಮಣ್ಣು ಕುಗ್ತದ ಅಂತ ಅರ್ಥ, ಮಳಿಗಿಂತ ಮುಂಚೆ ಡಾಂಬರ್ ಸುರಿದು ಆ ಕ್ರ್ಯಾಕ್ ಮುಚ್ಚಿದ್ರ ಭಾಳ ಸ್ವಸ್ತಾದಾಗ ರೋಡ್ ಉಳೀತದ. ನೇರ ಗೆರಿಯಂಗ ಅಡ್ಡ ಕುಸಿದಿದ್ರ ಪೈಪಿಗೆ ಅಗೆದು ಮಣ್ಣು ಸರಿ ದಮ್ಮಸ್ ಮಾಡಿಲ್ಲ. ಸರ್ಕಲ್‌ನಾಗ, ಬಸ್ ಸ್ಟಾಪ್‌ನಾಗ ಡಾಂಬರ್ ಮುದ್ದಿ ಆಗಿ ಮುಂದಕ್ಕ ಸರದಿದ್ರ ಅದು ನಮ್ಮ 40 ಡಿಗ್ರಿ ದಾಟೋ ಬಿಸಿಲು, ಬ್ರೇಕ್ ಎರಡರ ಕೆಲಸ, ಅಲ್ಲಿಗೆ ಗಟ್ಟಿ ದರ್ಜೆ ಡಾಂಬರ್ ಬೇಕು, ವಿಜಿ 30 ಬದಲ್ ವಿಜಿ 40 ಕೇಳ್ರಿ.

ಎಲ್ಲಕ್ಕಿಂತ ಮೊದಲು ಬಾಜೂಕಿನ ಗಟಾರ ನೋಡ್ರಿ. ಒಡೆದ ನಳದ ಪೈಪ್, ಮನಿ ಮುಂದ ರೋಡಿಗೆ ಬಿಟ್ಟ ಬಚ್ಚಲ ನೀರು, ಹೂಳು ತುಂಬಿ ಉಕ್ಕೋ ಗಟಾರ, ಈ ಮೂರರಾಗ ಒಂದು ಇದ್ರ ಅದನ್ನ ಸರಿ ಮಾಡದೆ ರೋಡಿಗೆ ಒಂದು ರೂಪಾಯಿನೂ ಹಾಕಬ್ಯಾಡ್ರಿ. ಕಾಕಾ ಬಿದ್ದ ಜಾಗಾ ನಾನು ಆಮ್ಯಾಲ ಹೋಗಿ ನೋಡ್ದೆ, ಪೈಪಿನ ನೀರು ಸಣ್ಣಗ ರೋಡಿನ ಕೆಳಗ ಜಿನುಗ್ತಿತ್ತು, ಹಂಗಿದ್ದಲ್ಲಿ ಯಾವ ಪ್ಯಾಚ್ ನಿಲ್ತದ ಹೇಳ್ರಿ.

ಲಾರಿ ಓಡೋ ದೊಡ್ಡ ರೋಡಿಗೆ ಮಾತ್ರ ಫಾಲಿಂಗ್ ವೇಟ್ ಡಿಫ್ಲೆಕ್ಟೋಮೀಟರ್ ಬಾಡಿಗಿಗೆ ತರಿಸೋದು ಒಳ್ಳೇದು, ಮ್ಯಾಲಿಂದ ಭಾರ ಬಿಟ್ಟು ರೋಡ್ ಎಷ್ಟು ಬಗ್ಗತದ ಅಂತ ಅಳೀತದ, ಐಆರ್‌ಸಿ 115ರಾಗ ವಿಧಾನ ಅದ. ಗಲ್ಲಿಗೆ ಇದು ಬ್ಯಾಡ.

ಹಂತ 9: ಪ್ಲ್ಯಾನ್

ತುಕಡಿಗಳನ್ನ ಮೊದಲು ಎರಡು ಗುಂಪು ಮಾಡ್ರಿ. ಕಾಂಟ್ರಾಕ್ಟರ್‌ನ ಡಿಫೆಕ್ಟ್ ಲಯಬಿಲಿಟಿ ಅವಧಿ (ಕೆಟ್ರ ಅವರೇ ತಮ್ಮ ರೊಕ್ಕದಾಗ ಸರಿ ಮಾಡ್ಬೇಕಾದ ಅವಧಿ) ಇನ್ನೂ ಮುಗೀದೇ ಇರೋ ರೋಡುಗಳು ಒಂದು ಕಡಿ, ಇವಕ್ಕ ನಮ್ಮ ರೊಕ್ಕ ಹಾಕೋದೇ ಬ್ಯಾಡ, ತುಕಡಿ ನಂಬರ್, ತಾರೀಖು, ಫೋಟೋ ಹಚ್ಚಿ ನೋಟಿಸ್ ಕೊಡ್ಬೇಕು. ಯಾವ ರೋಡಿಗೆ ಅವಧಿ ಯಾವಾಗ ಮುಗೀತದ ಅನ್ನೋದು ಟೆಂಡರ್ ಕಾಗದದಾಗ ಇರ್ತದ, ಸಿಗದಿದ್ರ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಾಗ ಕೇಳ್ರಿ.

ಉಳಿದಿದ್ದಕ್ಕ ಅಂಕ ಕೊಡ್ರಿ. ನನ್ನ ಲೆಕ್ಕ ಹಿಂಗ, ಒಟ್ಟು 100ರಾಗ ಒರಟುತನಕ್ಕ 30, ಮಳಿಗಿಂತ ಮುಂಚಿನಕ್ಕೂ ಆಮ್ಯಾಲಿನಕ್ಕೂ ಎಷ್ಟು ಬದಲಾಯ್ತು ಅನ್ನೋದಕ್ಕ 30, ಬಸ್ಸು ಲಾರಿ ಓಡಾಟಕ್ಕ 20, ದವಾಖಾನಿ ಸಾಲಿ ಹಾದಿಗೆ 20. ಬದಲಾವಣೆಗೆ ಅಷ್ಟು ಅಂಕ ಯಾಕಂದ್ರ ಐದು ವರ್ಷದಿಂದ ಹಂಗೇ ಒರಟು ಇರೋ ರೋಡಿಗಿಂತ ಒಂದೇ ಮಳೆಗಾಲದಾಗ ಜಿಗಿದ ರೋಡ್ ಮುಂದಿನ ವರ್ಷ ಪೂರಾ ಕುಸೀತದ, ಅದನ್ನ ಈಗ ಹಿಡಿದ್ರ ಕಡಿಮಿ ರೊಕ್ಕ. ಇದು ಒಂದು ಶುರು ಅಷ್ಟೇ, ವಾರ್ಡ್ ಸಭೆಯಾಗ ಕೂತು ಅಂಕ ಬದಲ್ ಮಾಡ್ರಿ, ಆದ್ರ ರೋಡಿನ ಹೆಸರು ನೋಡೋಕಿಂತ ಮುಂಚೆ ಬದಲ್ ಮಾಡ್ರಿ. ಹೆಸರು ಕಂಡ ಮ್ಯಾಲ ಪ್ರತಿಯೊಬ್ಬರಿಗೂ ತಮ್ಮ ಮನಿ ಮುಂದಿನ ರೋಡೇ ಮೊದಲು ಅನಸ್ತದ.

ಪೈಪ್, ಕೇಬಲ್ ಅಗೆಯೋ ಇಲಾಖೆಗಳ ಮುಂದಿನ ವರ್ಷದ ಪಟ್ಟಿ ತಂದು ಇದೇ ಮ್ಯಾಪಿಗೆ ಹಾಕ್ರಿ. ಆರು ತಿಂಗಳಾಗ ಅಗೆಯೋ ತುಕಡಿಗೆ ಈಗ ಡಾಂಬರ್ ಹಾಕ್ಸಬ್ಯಾಡ್ರಿ.

ಹಂತ 10: ವರ್ಷದ ಚಕ್ರ

ನಮ್ಮ ಕಡಿ ಸೆಪ್ಟೆಂಬರ್ ಮಳಿ ಜೋರು, ಹಂಗಾಗಿ ದೊಡ್ಡ ಸರ್ವೆ ಅಕ್ಟೋಬರ್ ಕೊನಿ, ನವೆಂಬರ್‌ನಾಗ. ಡಿಸೆಂಬರ್‌ನಾಗ ಎಸ್ಟಿಮೇಟ್, ಬಜೆಟ್ ಚರ್ಚೆ ಶುರು ಆಗೋಕಿಂತ ಮುಂಚೆ ಟೇಬಲ್ ಮ್ಯಾಲ ಒಂದೇ ಹಾಳಿ ಇರ್ಬೇಕು, ಒಂದು ಮ್ಯಾಪ್, 20 ತುಕಡಿ, ಪ್ರತಿಯೊಂದರ ಮುಂದ ಕಾರಣ, ಕೆಲಸ. ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಅನುದಾನಕ್ಕ ಕಳಿಸೋ ಪ್ರಸ್ತಾವನೆಗೂ ಇದೇ ಹಾಳಿ ಹಚ್ಚಿ ಕೊಡ್ರಿ. ಜನವರಿಯಿಂದ ಮೇ ಕೆಲಸ. ಮೇ ಕೊನಿಗೆ ಗಟಾರದ ಹೂಳು ತೆಗೆದು ಕ್ರ್ಯಾಕ್ ಮುಚ್ಚಿ ಇನ್ನೊಂದು ಸರ್ವೆ, ಇದೇ ಮಳಿಗಿಂತ ಮುಂಚಿನ ಲೆಕ್ಕ. ಮಳಿ ನಡುವ ಬಿದ್ದ ತಗ್ಗಿಗೆ ಬಿಸಿ ಡಾಂಬರ್ ಹಿಡಿಯಂಗಿಲ್ಲ, ರೆಡಿಮೇಡ್ ಕೋಲ್ಡ್ ಮಿಕ್ಸ್ ಚೀಲ ಬಳಸ್ಬೇಕು, ಐಆರ್‌ಸಿ 116ರಾಗ ಅದರ ವಿವರ ಅದ. ಅಂಚು ಚೌಕಾಗಿ ಕತ್ತರಿಸಿ, ನೀರು, ಕೆಸರು ತೆಗೆದು, ತುಂಬಿ ದಮ್ಮಸ್ ಮಾಡ್ಬೇಕು, ಸುಮ್ನ ಸಲಿಕ್ಯಾಗ ಸುರಿದು ಹೋದ್ರ ವಾರ ತಡಿಯಂಗಿಲ್ಲ. ಪ್ಯಾಚ್ ಹಾಕಿದ ದಿನಾನೇ ತುಕಡಿ ನಂಬರ್ ಮುಂದ ತಾರೀಖು ಬರೀರಿ.

ಹೊಸಾ ರೋಡ್ ಹಾಕಿದ ಎರಡು ವಾರದೊಳಗ, ಬಿಲ್ ಆಗೋಕಿಂತ ಮುಂಚೆ, ಅದೇ ಗಾಡಿ, ಅದೇ ಫೋನ್ ತಗೊಂಡು ಅಳೀರಿ. ಇಷ್ಟೇ ಒರಟುತನ ಇರ್ಬೇಕು ಅಂತ ಟೆಂಡರ್‌ನಾಗ ಮೊದಲೇ ಬರೆಸಿದ್ರ ಅದಕ್ಕ ಬಲ ಬರ್ತದ, ಬರೆಸಿಲ್ಲಾಂದ್ರೂ ಆ ನಂಬರ್ ಪಟ್ಟಿಯಾಗ ಇರ್ಲಿ, ಮುಂದಿನ ನವೆಂಬರ್‌ನಾಗ ಅದೇ ತುಕಡಿ ಮ್ಯಾಲ ಮತ್ತ ಗಾಡಿ ಓಡ್ಸಿದಾಗ ಹೋಲಿಸ್ಲಿಕ್ಕೆ ಅದೇ ಮೊದಲ್ನೇ ಕಾಲಂ.